ಮೊದಲ ಸಹಿ ಯಾರದು

ಅಂಚೆಚೀಟಿಯ ಬೆಲೆ ಏರಿಸಿದವರು ರಾಜಧಾನಿಯಲ್ಲಿ ಬೆಚ್ಚಗೆ ಕುಳಿತಿದ್ದರು. ಬೈಗುಳ ತಿನ್ನುವವಳು ಮಾತ್ರ ಕಾರಾ-ಜಿಲ್ಗಾ ಹಳ್ಳಿಯ ಅಂಚೆಮನೆಯ ಕಾಲಿಚಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೆಳಿಗ್ಗೆ ಕಿಟಕಿ ತೆರೆದರೆ ಸಾಕು, ಉಣ್ಣೆಯ ಟೋಪಿ ಸರಿಮಾಡಿಕೊಳ್ಳುತ್ತ ಒಬ್ಬೊಬ್ಬರೇ ಬರುತ್ತಿದ್ದರು, ಕಾಗದ ಹಾಕಲು ಅಲ್ಲ, ದೂರು ಹೇಳಲು. ಮದುವೆಯ ಕರೆಯೋಲೆ ಕೈಸೇರುವಷ್ಟರಲ್ಲಿ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರುತ್ತದೆ, ಇಂಥ ಸೇವೆಗೆ ಇಷ್ಟು ಬೆಲೆಯೇ ಎಂದು ಒಬ್ಬ. ಈ ದುಡ್ಡಿಗೆ ಕುದುರೆಯೇರಿ ನಾನೇ ಕೊಟ್ಟು ಬರುತ್ತೇನೆ ಎಂದು ಇನ್ನೊಬ್ಬ. ಕಾಲಿಚಾ ಎಲ್ಲರಿಗೂ ತಲೆಯಾಡಿಸುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಆ ಕಿಟಕಿಯಲ್ಲಿ ಕುಳಿತವಳು ಬೈಗುಳಕ್ಕೆಲ್ಲ ಹೆದರುತ್ತಾಳೆಯೇ?

ಅವಳನ್ನು ಹೆದರಿಸಿದ್ದು ಮೇಜಿನ ಖಾನೆಯಲ್ಲಿದ್ದ ಜಿಲ್ಲಾ ಕಚೇರಿಯ ಪತ್ರ. ಈ ತಿಂಗಳು ಇಲ್ಲಿಂದ ನೂರು ಕಾಗದವಾದರೂ ಹೋಗದಿದ್ದರೆ ಅಂಚೆಮನೆಗೆ ಬೀಗ. ಸಿಬ್ಬಂದಿಯ ಕಾಗದ ಲೆಕ್ಕಕ್ಕಿಲ್ಲ. ಬೀಗ ಬಿದ್ದರೆ ಊರಿನ ಮುದುಕರೆಲ್ಲ ಪಿಂಚಣಿಗಾಗಿ ಹಿಮ ತುಂಬಿದ ಘಾಟಿ ದಾಟಿ ಪಟ್ಟಣಕ್ಕೆ ಹೋಗಬೇಕು. ಹತ್ತನೇ ತಾರೀಖಿನವರೆಗೆ ಹೋಗಿದ್ದವು ಏಳೇ ಏಳು. ಬರೆಯಿರಿ ಎಂದು ಗೋಗರೆದರೆ ಯಾರಿಗೆ ಎಂದು ನಗುತ್ತಾರೆ, ಎಲ್ಲರ ಕೈಯಲ್ಲೂ ಫೋನಿದೆ. ಊರಿನಲ್ಲಿ ಹೇರಳವಾಗಿದ್ದದ್ದು ಸಿಟ್ಟೊಂದೇ.

ಮರುದಿನ ನಿವೃತ್ತ ಮೇಷ್ಟ್ರು ಬೆಯ್ಶೆನ್ ಒಂದು ದೊಡ್ಡ ಹಾಳೆ ಹಿಡಿದು ಬಂದ. ಬೆಲೆ ಇಳಿಸಬೇಕೆಂದು ಮಂತ್ರಿಗೆ ದೂರು. ಕೆಳಗೆ ಇಡೀ ಊರಿನ ಸಹಿಗೆ ಜಾಗ ಬಿಟ್ಟಿದ್ದ. ಕಾಲಿಚಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಊರಿಗೆ ಊರೇ ಸಹಿ ಹಾಕಿದರೂ ಲಕೋಟೆ ಒಂದೇ, ಲೆಕ್ಕಕ್ಕೆ ಒಂದೇ ಕಾಗದ. ಸಹಿಯ ಜಾಗವನ್ನೇ ದಿಟ್ಟಿಸುತ್ತಿದ್ದವಳಿಗೆ ಒಂದು ದಾರಿ ಹೊಳೆಯಿತು. ಒಲೆಯ ಪಕ್ಕ ಕೈ ಕಾಯಿಸುತ್ತಿದ್ದ ಮುದಿ ಕುರುಬ ಒರೊಜಾಲಿಗೂ ಕೇಳಿಸುವಂತೆ ಕೇಳಿದಳು:

"ಮೊದಲನೇ ಸಹಿ ಯಾರದು ಮೇಷ್ಟ್ರೇ?"

"ನಂದೇ ಕಣಮ್ಮ. ಬರೆದೋನು ನಾನು, ವಯಸ್ಸಲ್ಲೂ ನಾನೇ ದೊಡ್ಡೋನು."

"ಎರಡು ತಿಂಗಳು ಮುಂಚೆ ಹುಟ್ಟಿಬಿಟ್ರೆ ಆಗೋಯ್ತಾ?" ಒರೊಜಾಲಿ ಎದ್ದು ಬಂದ. "ವಂಶದಲ್ಲಿ ನಮ್ಮದು ಅಣ್ಣನ ಕವಲು, ನಿಮ್ಮದು ತಮ್ಮನ ಕವಲು. ನಿನ್ನ ಕೆಳಗೆ ಸಹಿ ಹಾಕಿ, ಸತ್ತ ಮೇಲೆ ನಮ್ಮಪ್ಪನಿಗೆ ಏನಂತ ಮುಖ ತೋರಿಸ್ಲಿ?"

ಶರತ್ಕಾಲದ ಔತಣದಲ್ಲಿ ಎಲ್ಲರಿಗಿಂತ ಹಿರಿಯನಿಗೆ ಸಲ್ಲುವ ಕುರಿಯ ತಲೆಯನ್ನು ಒರೊಜಾಲಿಯ ಮುಂದಿಟ್ಟರೆಂದು ಬೆಯ್ಶೆನ್ ಚಹಾ ಕೂಡ ಕುಡಿಯದೆ ಎದ್ದುಹೋಗಿದ್ದ. ಆ ಕೆಂಡ ಇನ್ನೂ ಆರಿರಲಿಲ್ಲ. ಇಬ್ಬರೂ ಏಳು ತಲೆಮಾರಿನ ಹೆಸರು ಎತ್ತಿಕೊಂಡು ಕಿತ್ತಾಡಿದರು. ಅವರು ದಣಿದಾಗ ಕಾಲಿಚಾ ಮೆಲ್ಲಗೆ, ಅವರವರ ಕಾಗದ ಅವರವರೇ ಬರೆದರೆ ಎಲ್ಲರ ಹೆಸರೂ ಮೇಲೇ ಇರುತ್ತದಲ್ಲ ಎಂದಳು.

ಒರೊಜಾಲಿ ಬೆಲೆಯನ್ನು ಶಪಿಸುತ್ತಲೇ ಅಲ್ಲೇ ಚೀಟಿ ಕೊಂಡ. ಅವನನ್ನು ನೋಡಿ ಅವನ ಕವಲಿನವರು, ಅವರನ್ನು ನೋಡಿ ಮೇಷ್ಟ್ರ ಕವಲಿನವರು ಬಂದರು. ಗಂಡನ ಕಾಗದದಲ್ಲಿ ನಾವೇಕೆ ಬಾಲಂಗೋಚಿ ಎಂದು ಹೆಂಗಸರೂ ಬರೆದರು. ಎರಡು ಸಲ ಪಟ್ಟಣದಿಂದ ಚೀಟಿ ತರಿಸಬೇಕಾಯಿತು. ಮಂತ್ರಿಗೆ ಹೋಗುವ ಕಾಗದಗಳನ್ನೆಲ್ಲ ಒಂದೇ ಕಟ್ಟಾಗಿ ಕಳಿಸಲು ಕಾಲಿಚಾ ಕೂಡಿಡುತ್ತಿದ್ದಳು.

ತಿಂಗಳ ಕೊನೆಯ ದಿನ ಮಧ್ಯಾಹ್ನ ತೊಂಬತ್ತೊಂಬತ್ತಕ್ಕೆ ನಿಂತಿತು. ಟಪಾಲು ಗಾಡಿ ನಾಲ್ಕಕ್ಕೆ. ಬರೆಯದೆ ಉಳಿದವನು ಬೆಯ್ಶೆನ್ ಒಬ್ಬನೇ. ಒರೊಜಾಲಿಯ ಕಾಗದ ಮೊದಲು ಬಿತ್ತೆಂಬ ಸಿಟ್ಟಿಗೆ, ಬೆಲೆ ಇಳಿಯುವತನಕ ಚೀಟಿ ಮುಟ್ಟುವುದಿಲ್ಲವೆಂದು ಎಲ್ಲರೆದುರು ಆಣೆ ಹಾಕಿದ್ದ. ಕಾಲಿಚಾ ಜಿಲ್ಲಾ ಕಚೇರಿಯ ಪತ್ರ ಹಿಡಿದು ಅವನ ಮನೆಗೇ ಹೋದಳು. ಅವನು ರೊಟ್ಟಿ ಮುಂದಿಟ್ಟ, ಅವಳು ಪತ್ರ ಮುಂದಿಟ್ಟಳು. ಹುಡುಗರ ಉತ್ತರಪತ್ರಿಕೆ ತಿದ್ದುವವನಂತೆ ಅವನು ಅದನ್ನು ಎರಡು ಸಲ ಓದಿದ.

"ಅಂದ್ರೆ ನಮ್ಮನ್ನ ಎತ್ತಿಕಟ್ಟಿದ್ದು ನೀನು."

"ಹೌದು ಮೇಷ್ಟ್ರೇ, ನಾನೇ. ನಾಳೆ ಕಿಟಕಿ ಮುಚ್ಚಿದ್ರೆ ಯಾರ ಹತ್ರ ಬಂದು ಬೈತೀರಿ?"

ಅವನು ಪತ್ರವನ್ನು ಮಡಚಿ ಅವಳತ್ತ ಸರಿಸಿದ. ಆಣೆಯ ಗತಿಯೇನು ಎಂದು ಗೊಣಗಿದ. ಮುದುಕನ ಮುಖ ನೋಡಿ ಅವಳಿಗೆ ಪಾಪ ಎನ್ನಿಸಿತು, ಆದರೆ ಗಾಡಿ ಕಾಯುವುದಿಲ್ಲ.

"ಒರೊಜಾಲಿ ಅಜ್ಜಂದು ಮೊದಲು ಬಂತು, ಕಟ್ಟಿನ ತಳದಲ್ಲಿದೆ," ಎಂದಳು. "ಕೊನೇಲಿ ಬಂದದ್ದು ಎಲ್ಲದರ ಮೇಲೆ ಕೂರುತ್ತೆ. ಮಂತ್ರಿ ಸಾಹೇಬ್ರು ಮೊದಲು ಒಡೆಯೋದು ಅದನ್ನೇ."

ಬೆಯ್ಶೆನ್ ಬೂಟು ಹುಡುಕತೊಡಗಿದ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಚೀಟಿ ಕೊಂಡು, ಅಂಟಿಸಿ, ಲಕೋಟೆಯನ್ನು ತನ್ನ ಕೈಯಾರೆ ಕಟ್ಟಿನ ಮೇಲಿಟ್ಟು, ದಾರ ಬಿಗಿಯುವವರೆಗೂ ಅಲ್ಲಾಡಲಿಲ್ಲ.

ಮಾರನೆಯ ದಿನ ಬೀಗ ಹಿಡಿದು ಯಾರೂ ಬರಲಿಲ್ಲ. ಎಂಟು ಗಂಟೆಗೆ ಕಿಟಕಿಯ ಮುಂದೆ ನಿಂತಿದ್ದವನು ಬೆಯ್ಶೆನ್.

"ನನ್ನ ಕಾಗದಕ್ಕೆ ಉತ್ತರ ಎಲ್ಲಿ?"

"ಹೋಗಿದ್ದೇ ನಿನ್ನೆ ಮೇಷ್ಟ್ರೇ."

"ಅದನ್ನೇ ನಾನು ಹೇಳೋದು. ಇನ್ನೊಂದು ಚೀಟಿ ಕೊಡು. ತಡ ಮಾಡಿದ್ದಕ್ಕೆ ದೂರು ಕೊಡಬೇಕು."

ಕಾಲಿಚಾ ತುಂಬಿ ಬಂದ ಕಣ್ಣು ಒರೆಸಿಕೊಂಡು ಚೀಟಿ ಹರಿದುಕೊಟ್ಟಳು.