ಕಾಫಿ ಕೊಟ್ಟ ಕೈ

ಮಾದಯ್ಯನವರಿಗೆ ಬೇಗ ಮಾತು ಬರಲಿ ಎಂದು ಅಮ್ಮಾಪೇಟೆಯ ಆ ನೇಕಾರರ ಬೀದಿಯವರೆಲ್ಲ ದೇವರಿಗೆ ಕೈ ಮುಗಿಯುತ್ತಿದ್ದರು. ಬರುವುದೇನೋ ಬರಲಿ, ಸ್ವಲ್ಪ ತಡವಾಗಿಯೇ ಬರಲಿ ಎಂದು ಬೇಡಿಕೊಳ್ಳುತ್ತಿದ್ದವಳು ಒಬ್ಬಳೇ, ಅವರ ಸೊಸೆ ಪೂಂಗೊಡಿ. ಕೆಟ್ಟವಳೇನಲ್ಲ, ಪಾಪ. ಮಾವನನ್ನು ದಿನಕ್ಕೆ ಐದು ಸಲ ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ಉಣಿಸಿ, ಬಾಯಿ ಒರೆಸಿ, ನಾಲಗೆಯ ಕಸರತ್ತು ಮಾಡಿಸುತ್ತಿದ್ದವಳೂ ಅವಳೇ. ಆದರೆ ಆ ಬಾಯಿಂದ ಹೊರಡಬಹುದಾದ ಒಂದೇ ಒಂದು ಮಾತಿನ ಭಯ ಅವಳನ್ನು ಹಿಡಿದಿತ್ತು.

ನಡೆದದ್ದು ಇಷ್ಟು. ಅರವತ್ತೆಂಟು ವರ್ಷದ ಮಾದಯ್ಯ ಒಂದು ಬೆಳಿಗ್ಗೆ ಮಗ್ಗದ ಗುಂಡಿಯಿಂದ ಏಳಲು ಹೋಗಿ ಏಳಲಾಗದೆ ಅಲ್ಲೇ ವಾಲಿಕೊಂಡರು. ಸ್ಟ್ರೋಕ್ ಎಂದರು ಆಸ್ಪತ್ರೆಯಲ್ಲಿ. ಬಲಗೈ, ಬಲಗಾಲು ಮಾತು ಕೇಳದಾದವು, ಬಾಯಿ ಎಡಕ್ಕೆ ಎಳೆಯಿತು, ಬೀದಿಯಿಡೀ ಕೇಳಿಸುತ್ತಿದ್ದ ಗಂಟಲಿನಲ್ಲಿ ಬರಿಯ ಗೊರಗೊರ ಉಳಿಯಿತು. ಇದೆಲ್ಲ ಕಣ್ಣಿಗೆ ಕಾಣುವುದು. ಕಾಣದ್ದು ಇನ್ನೊಂದಿತ್ತು, ಗಂಟಲು ನುಂಗುವ ಕೆಲಸವನ್ನೇ ಮರೆತಿತ್ತು. ಹನ್ನೆರಡು ದಿನ ಮೂಗಿನ ಟ್ಯೂಬಿನಲ್ಲೇ ಊಟವಾಯಿತು.

ಮನೆಗೆ ಕಳಿಸುವ ದಿನ ಜಯಪ್ರಿಯಾ ಎಂಬ ಥೆರಪಿಸ್ಟ್ ಹುಡುಗಿ ಪೂಂಗೊಡಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದಳು. ಉಣಿಸುವಾಗ ಗದ್ದ ಎದೆಗೆ ತಾಗುವಷ್ಟು ಬಗ್ಗಿಸಬೇಕು. ಅರ್ಧ ಚಮಚ ಮಾತ್ರ, ಅದೂ ಬಾಯಿಯ ಎಡಗಡೆಗೆ. ಒಂದು ತುತ್ತಿಗೆ ಎರಡು ಸಲ ನುಂಗಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ನೀರು, ಹಾಲು, ಕಾಫಿ ಯಾವುದನ್ನೂ ತೆಳ್ಳಗೆ ಕೊಡಲೇಬಾರದು, ಅದು ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಅದಕ್ಕೆಂದೇ ಕೊಟ್ಟ ಡಬ್ಬದ ಪುಡಿ ಬೆರೆಸಿ ಜೇನಿನಷ್ಟು ಮಂದ ಮಾಡಿ ಕೊಡಬೇಕು. ಕೊನೆಗೆ ಅವಳು ಬೆರಳೆತ್ತಿ ತಮಿಳಿನಲ್ಲಿ, "ಸಾಪ್ಪಿಡುಂಬೋದು ಪೇಸವೇ ಕೂಡಾದು" ಎಂದಳು. ಉಣ್ಣುವಾಗ ಮಾತೇ ಆಡಬಾರದಂತೆ. ಬಾಯಿಗೆ ತುತ್ತಿಟ್ಟುಕೊಂಡೇ ಮೂರು ಮನೆಯ ಸುದ್ದಿ ಹೇಳುತ್ತಿದ್ದ ಮಾದಯ್ಯನಿಗೆ ಇದಕ್ಕಿಂತ ಕಠಿಣವಾದ ಪಥ್ಯ ಇನ್ನೊಂದಿರಲಿಲ್ಲ.

ಮನೆಗೆ ಬಂದ ಮೂರನೆಯ ದಿನ, ಸಂಜೆ ನಾಲ್ಕರ ಹೊತ್ತಿಗೆ, ಅವರ ತಮ್ಮ ಕುಪ್ಪುಸ್ವಾಮಿ ನೋಡಲು ಬಂದರು. ಪೂಂಗೊಡಿ ಕಾಫಿ ಕೊಟ್ಟಳು. ಅವರು ಲೋಟವೆತ್ತಿ ಅರ್ಧ ಕುಡಿದು, ಫೋನ್ ಬಂತೆಂದು ಉಳಿದರ್ಧವನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಬೀದಿಗೆ ಹೋದರು. ಮಾದಯ್ಯ ಲೋಟವನ್ನು ನೋಡಿದರು, ಸೊಸೆಯನ್ನು ನೋಡಿದರು. ಬೇಡ ಎಂದಳು. ಅವರು ಇನ್ನೂ ಆಡುತ್ತಿದ್ದ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಮತ್ತೆ ನೋಡಿದರು. ಮೂರು ಸಲ ಬೇಡ ಎಂದಳು. ಹದಿನಾರು ವರ್ಷ ದಿನಾ ಅದೇ ಹೊತ್ತಿಗೆ ಆ ಮನುಷ್ಯನಿಗೆ ಕಾಫಿ ಕೊಟ್ಟ ಕೈ ಅದು, ಎಷ್ಟು ಸಲ ಅಂತ ಬೇಡ ಎಂದೀತು? ಚಮಚ ತಂದು ಎರಡು ಚಮಚ ಕುಡಿಸಿದಳು. ಕೆಮ್ಮಲಿಲ್ಲ, ಏದುಸಿರು ಬಿಡಲಿಲ್ಲ, ಕಣ್ಣು ಮುಚ್ಚಿ ಸುಖಪಟ್ಟರು. ಆ ಹುಡುಗಿ ಸುಮ್ಮನೆ ಹೆದರಿಸಿದ್ದಾಳೆ ಎಂದುಕೊಂಡು ಪೂಂಗೊಡಿ ಉಳಿದದ್ದನ್ನೂ ಕುಡಿಸಿದಳು. ಬಾಗಿಲಲ್ಲಿ ಚಪ್ಪಲಿಯ ಸದ್ದಾದಾಗ ಖಾಲಿ ಲೋಟವನ್ನು ಇದ್ದಲ್ಲೇ ಇಟ್ಟಳು.

ಕೆಮ್ಮದೆಯೇ ಇಳಿದ ಕಾಫಿ ತನ್ನ ಕೆಲಸ ಮಾಡಿತ್ತು. ಎರಡು ದಿನಕ್ಕೆ ಜ್ವರ, ಎದೆಯಲ್ಲಿ ಗುಳುಗುಳು. ಮತ್ತೆ ಆಸ್ಪತ್ರೆ, ಮತ್ತೆ ಮೂಗಿಗೆ ಟ್ಯೂಬು. ಶ್ವಾಸಕೋಶಕ್ಕೆ ಏನೋ ಇಳಿದಿದೆ, ಯಾರು ಕುಡಿಸಿದ್ದು ಎಂದು ಡಾಕ್ಟರು ಕೇಳಿದರು. ಆ ಅರ್ಧ ಲೋಟದ ಕಥೆಯನ್ನು ಕುಪ್ಪುಸ್ವಾಮಿಯವರೇ ಬಾಯಿಬಿಟ್ಟು ಹೇಳಿದರು. ತಾನಿಟ್ಟು ಹೋದದ್ದು ಅರ್ಧ ಲೋಟ, ತಿರುಗಿ ಬಂದಾಗ ಖಾಲಿಯಾಗಿತ್ತು, ಅಣ್ಣನೇ ಎಡಗೈಯಲ್ಲಿ ಎತ್ತಿಕೊಂಡು ಕುಡಿದಿರಬೇಕು ಎಂದರು. ಮಾದಯ್ಯನ ಮಗಳು, ಪೂಂಗೊಡಿಯ ಗಂಡನ ಅಕ್ಕ ಮುನಿರತ್ನಮ್ಮ ಆಸ್ಪತ್ರೆಯ ವರಾಂಡದಲ್ಲೇ ಚಿಕ್ಕಪ್ಪನ ಮುಖಕ್ಕೆ ಮಂಗಳಾರತಿ ಎತ್ತಿದಳು. ಅಪ್ಪನ ಜೀವಕ್ಕೆ ಕಂಟಕ ತಂದವರು ಯಾರೇ ಆಗಲಿ, ಇನ್ನು ಅಪ್ಪನ ಹತ್ತಿರ ಒಂದು ಚಮಚ ನೀರು ಹಿಡಿದುಕೊಂಡೂ ಬರಕೂಡದು ಎಂದಳು. ಪೂಂಗೊಡಿ ಅಲ್ಲೇ ನಿಂತಿದ್ದಳು. ನಾನು ಎಂಬ ಒಂದು ಮಾತು ಹಲ್ಲಿನವರೆಗೂ ಬಂದು ಅಲ್ಲೇ ಕೂತಿತು.

ಹೇಳಿಬಿಟ್ಟರೆ ಬೈಗುಳ ತಿನ್ನಬೇಕು, ಅದೇನು ದೊಡ್ಡದಲ್ಲ. ಪಾಲಕೋಡಿನ ಟೊಮೇಟೊ ಮಂಡಿಯಲ್ಲಿ ಅಪ್ಪನ ಜೊತೆ ಕೂತು ಬೆಳೆದವಳಿಗೆ ಬೈಗುಳ ಹೊಸದೇ? ಭಯ ಬೇರೆಯದು. ಹೇಳಿದರೆ ಚಮಚ ಮುನಿರತ್ನಮ್ಮನ ಕೈಗೆ ಹೋಗುತ್ತದೆ. ಆಯಮ್ಮನ ಪ್ರೀತಿ ದೊಡ್ಡದು, ತುತ್ತು ಅದಕ್ಕಿಂತ ದೊಡ್ಡದು. ಮನೆಗೆ ತಿರುಗಿ ಬಂದ ಮೇಲೆ ಒಂದೇ ದಿನ ಉಣಿಸಿದ್ದಳು, ತಲೆ ಹಿಂದಕ್ಕೆ ಎತ್ತಿಸಿ, ಒಂದು ನುಂಗುವ ಮೊದಲೇ ಇನ್ನೊಂದು ಬಾಯಿಗಿಟ್ಟು. ಮಾವ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಗಂಡ ಶರವಣಕುಮಾರನನ್ನು ನಂಬುವ ಹಾಗೂ ಇರಲಿಲ್ಲ. ಅಪ್ಪ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಚಮಚ ಬಿಟ್ಟು ಬೀದಿಗೆ ಓಡುವ ವೀರ. ಹಾಗಾಗಿ ತಾನು ಬಾಯಿ ಮುಚ್ಚಿಕೊಂಡಿದ್ದರೇ ಮಾವನ ಬಾಯಿಗೆ ಕ್ಷೇಮ ಎಂದು ಪೂಂಗೊಡಿ ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಾಡಿದ ತಪ್ಪಿಗೋ ಏನೋ, ಅವಳು ಉಣಿಸುವುದನ್ನು ವ್ರತ ಮಾಡಿಕೊಂಡಳು. ಮೊದಮೊದಲು ಪುಡಿ ಬೆರೆಸಿದ ಕಾಫಿ ಗಂಟು ಗಂಟಾಗುತ್ತಿತ್ತು. ಮಾದಯ್ಯ ಅದರಲ್ಲಿ ಬೆರಳು ಅದ್ದಿ ಮೇಲೆತ್ತಿ ಕಣ್ಣು ಕೆಂಪಗೆ ಮಾಡುತ್ತಿದ್ದರು. ಮಗುವಿನ ಹಾಗೆ ಆಟವಾಡುತ್ತಾರೆ ಎಂದು ಎರಡು ದಿನ ಕೈ ತಟ್ಟಿ ತೆಗೆಸಿದಳು. ಮೂರನೆಯ ದಿನ ಹೊಳೆಯಿತು. ಬೀದಿಯಲ್ಲಿ ನೂಲು ಎಳೆದು ಗಂಜಿ ಹಚ್ಚುವ ಬೆಳಿಗ್ಗೆಗಳಲ್ಲಿ ಗಂಜಿಯ ಹದ ನೋಡುತ್ತಿದ್ದವರು ಇವರೇ. ಬೆರಳು ಅದ್ದಿ ಎತ್ತುವರು, ಹನಿ ಬೀಳುವುದನ್ನು ನೋಡುವರು, ಗಂಟಿದ್ದರೆ ಪಾತ್ರೆಯನ್ನೇ ಮೋರಿಗೆ ಸುರಿಸುವರು. ಅವತ್ತಿನಿಂದ ಕಾಫಿಯ ಹದವನ್ನೂ ಅವರಿಗೇ ಒಪ್ಪಿಸಿದಳು. ಅವರು ಬೆರಳು ಎತ್ತಿ ತಲೆಯಾಡಿಸಿದರೆ ಕಾಫಿ, ಇಲ್ಲದಿದ್ದರೆ ಇನ್ನೊಮ್ಮೆ ಕಲಸು. ಸೊಸೆಯ ಮೇಲೆ ಅಧಿಕಾರ ನಡೆಸಲು ಮಾತೇ ಬೇಕಿಲ್ಲ ಎಂಬುದು ಅವರಿಗೂ ಹೊಸ ಸಂಗತಿಯಾಗಿತ್ತು.

ಇಷ್ಟಾದರೂ ಅವಳನ್ನು ಆ ಭಯ ಬಿಡಲಿಲ್ಲ. ದಿನಾ ಸಂಜೆ ಮುನಿರತ್ನಮ್ಮ ಬಂದು ಚಿಕ್ಕಪ್ಪನ ವಂಶಾವಳಿಯನ್ನು ಜಾಲಾಡುವಳು. ಆಗೆಲ್ಲ ಮಾದಯ್ಯ ತಿರುಗಿ ಪೂಂಗೊಡಿಯನ್ನೇ ನೋಡುವರು, ಬಾಯಿಯ ಎಡತುದಿ ಮೇಲೇಳುವುದು. ಅದು ನಗುವೋ ಸ್ಟ್ರೋಕ್ ಎಳೆದ ಎಳೆತವೋ ಎಂದು ತಿಳಿಯದೆ ಅವಳು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುವಳು. ಸಾಲದ್ದಕ್ಕೆ ಜಯಪ್ರಿಯಾ ಹೇಳಿಕೊಟ್ಟ ಕಸರತ್ತು ಬೇರೆ. ನಾಲಗೆಯ ಬುಡ ಗಟ್ಟಿಯಾಗಲು ಕ, ಕ, ಕ ಎನ್ನಿಸಬೇಕು, ದಿನಕ್ಕೆ ಮೂವತ್ತು ಸಲ. ಇವಳೇ ಎದುರು ಕೂತು ಅನ್ನಿಸಬೇಕು. ಮಾವ ಕ ಎಂದು ತಡವರಿಸಿದಾಗಲೆಲ್ಲ ಕಾಫಿಯ ಮುಂದಿನ ಅಕ್ಷರ ಬಂದೇಬಿಟ್ಟಿತು ಎಂದು ಇವಳು ಬಾಗಿಲಿನತ್ತ ನೋಡುತ್ತಿದ್ದಳು. ಹಾಗೆಂದು ಒಂದು ದಿನವೂ ಕಸರತ್ತು ತಪ್ಪಿಸಲಿಲ್ಲ, ಅದಕ್ಕಾದರೂ ಅವಳನ್ನು ಮೆಚ್ಚಬೇಕು.

ಎರಡು ತಿಂಗಳಿಗೆ ಜಯಪ್ರಿಯಾ ಮತ್ತೆ ಪರೀಕ್ಷೆ ಮಾಡಿದಳು. ಗಂಟಲಿನ ಮೇಲೆ ಬೆರಳಿಟ್ಟು ನುಂಗಿಸಿದಳು, ಎದೆಗೆ ಕೊಳವೆಯಿಟ್ಟು ಕೇಳಿದಳು. ಇನ್ನು ಟ್ಯೂಬಿನ ಮಾತು ಬೇಡ, ಮೆತ್ತಗೆ ಹಿಸುಕಿದ ಅನ್ನ, ಬೇಳೆ ಕೊಡಬಹುದು, ಕುಡಿಯುವುದು ಮಾತ್ರ ಇನ್ನೂ ಮಂದವಾಗಿಯೇ ಇರಲಿ ಎಂದಳು. ಉಣಿಸುವವರು ಯಾರೋ ಅವರೇ ಮುಂದುವರಿಸಲಿ, ಕೈ ಬದಲಾಯಿಸಬೇಡಿ ಎಂದೂ ಹೇಳಿದಳು. ಮಾತೂ ಒಂದೊಂದಾಗಿ ಹೊರಡುತ್ತಿತ್ತು. ನೀರು, ಸಾಕು, ಫ್ಯಾನ್ ಅನ್ನುವಷ್ಟಾಗಿದ್ದರು.

ಮಾರನೆಯ ದಿನ ಮಧ್ಯಾಹ್ನ ಮೊದಲ ಅನ್ನ. ನೋಡಲೆಂದೇ ಮುನಿರತ್ನಮ್ಮ ಬಂದಿದ್ದಳು. ಪೂಂಗೊಡಿ ಹಿಸುಕಿದ ಅನ್ನ ಬೇಳೆಯನ್ನು ಅರ್ಧ ಚಮಚ ಮಾವನ ಬಾಯಿಗಿಟ್ಟಳು. ಅಷ್ಟರಲ್ಲಿ ಹೊರಗೆ ಬಾಗಿಲ ಪಕ್ಕದ ತಿಣ್ಣೆಯ ಮೇಲೆ ಯಾರೋ ಕೂತಂತಾಯಿತು. ಎರಡು ತಿಂಗಳಿಂದ ಆ ಬೀದಿಗೇ ಬಾರದಿದ್ದ ಕುಪ್ಪುಸ್ವಾಮಿ. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು. ಮುನಿರತ್ನಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ನಾ ಒಳಕ್ ಬರಾಕಿಲ್ಲಮ್ಮ," ಎಂದರು ಅವರು. "ಅಣ್ಣ ಅನ್ನ ಉಣ್ಣೋದ್ನ ಒಂದ್ಸಲ ಇಲ್ಲಿಂದ್ಲೇ ನೋಡ್ಕಂಡು ಓಯ್ತೀನಿ. ಆ ಲೋಟ ನಾನಲ್ಲಿ ಮಡಗ್ಬಾರ್ದಾಗಿತ್ತು. ಅವತ್ತಿಂದ ನಾನೂ ಕಾಪಿ ಮುಟ್ಟಿಲ್ಲ. ಅಣ್ಣಂಗೆ ಏನಾನ ಆಗಿದ್ರೆ ನಾ ಬದುಕ್ತಿರ್ಲಿಲ್ಲ."

ಅವರಿಗೆ ಬೈಗುಳ ಬೀಳುತ್ತಿದೆ ಎಂದಷ್ಟೇ ಪೂಂಗೊಡಿ ಇಷ್ಟು ದಿನ ತಿಳಿದಿದ್ದಳು. ಅವರೇ ಅದನ್ನು ನಂಬಿಬಿಟ್ಟಿದ್ದಾರೆ, ಮಾಡದ ತಪ್ಪನ್ನು ಎರಡು ತಿಂಗಳು ಹೊತ್ತು ಸೊರಗಿದ್ದಾರೆ ಎಂದು ಯೋಚಿಸಿರಲೇ ಇಲ್ಲ. ಬಟ್ಟಲು ಹಿಡಿದುಕೊಂಡೇ ಬಾಗಿಲಿನತ್ತ ತಿರುಗಿದಳು.

"ಚಿಕ್ಕಮಾವ, ನಿಮ್ದು ತಪ್ಪಿಲ್ಲ. ಅವ್ರಾಗೆ ಎತ್ಕಂಡು ಕುಡೀಲೂ ಇಲ್ಲ. ನಾನೇ ಚಮಚದಾಗೆ ಕುಡಿಸ್ದೆ. ಹೇಳಾಕೆ ಬಾಯಿ ಬರ್ಲಿಲ್ಲ."

ಪಕ್ಕದಲ್ಲಿ ಆಡುತ್ತಿದ್ದ ಮಗ್ಗದ ಸದ್ದು ನಿಂತಿತು. ಶರವಣಕುಮಾರ ಗುಂಡಿಯಿಂದ ತಲೆಯೆತ್ತಿ ನೋಡಿದ. ಮುನಿರತ್ನಮ್ಮ ಬಾಯಿ ತೆರೆದಳು, ಬೈಯಬೇಕಾದವರು ಬದಲಾದದ್ದರಿಂದ ಎಲ್ಲಿಂದ ಶುರುಮಾಡುವುದೋ ತಿಳಿಯದೆ ಹಾಗೇ ನಿಂತಳು. ಅಷ್ಟರಲ್ಲಿ ಮಾದಯ್ಯನ ಗಂಟಲು ಕ್, ಕ್ ಎಂದಿತು. ಬಾಯಲ್ಲಿ ಅನ್ನವಿಟ್ಟುಕೊಂಡೇ ಏನನ್ನೋ ಹೇಳಹೊರಟಿದ್ದರು.

ಪೂಂಗೊಡಿಗೆ ಮಿಕ್ಕದ್ದೆಲ್ಲ ಮರೆತುಹೋಯಿತು. ಓಡಿಹೋಗಿ ಅವರ ಗದ್ದ ಹಿಡಿದಳು.

"ಮಾತು ಆಮ್ಯಾಕೆ, ಮಾವ. ಮೊದ್ಲು ನುಂಗಿ. ಗದ್ದ ಕೆಳಗೆ. ಅಂಗೇ."

ಎಲ್ಲರೂ ಕಾದರು. ಬಾಗಿಲಲ್ಲಿ ನಿಂತವಳು, ತಿಣ್ಣೆಯ ಮೇಲಿದ್ದವರು, ಮಗ್ಗದೊಳಗಿದ್ದವನು, ಒಬ್ಬ ಮುದುಕನ ಗಂಟಲನ್ನೇ ನೋಡುತ್ತ ಉಸಿರು ಹಿಡಿದರು. ಗಂಟಲು ಒಮ್ಮೆ ಮೇಲೆ ಹೋಗಿ ಇಳಿಯಿತು. ಮಾದಯ್ಯ ಆತುರದಿಂದ ಬಾಯಿ ತೆರೆಯಹೋದರು, ಸೊಸೆ ಬಿಡಲಿಲ್ಲ, ಇನ್ನೊಂದ್ಸಲ ಎಂದಳು. ಮಹಾ ಬೇಸರದಿಂದ ಇನ್ನೊಮ್ಮೆ ನುಂಗಿದರು. ಬಾಯಿ ತೆರೆದು ಖಾಲಿಯಾದದ್ದನ್ನು ತೋರಿಸಿದರು. ಆಮೇಲೆ, ಒಂದೊಂದು ಮಾತನ್ನೂ ಎತ್ತಿ ಇಡುತ್ತ ಹೇಳಿದರು.

"ನಾನೇ... ಕೇಳ್ದೆ. ಇವ್ಳು ಬ್ಯಾಡ... ಅಂದ್ಳು. ಮೂರ್ ಸಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಬಾಗಿಲಿನ ಕಡೆ ಕೈ ಮಾಡಿದರು. "ಕುಪ್ಪಾ... ಒಳಕ್ ಬಾ ಲಾ."

ಕುಪ್ಪುಸ್ವಾಮಿ ಒಳಗೆ ಬಂದು ಅಣ್ಣನ ಕಾಲ ಬಳಿ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡರು. ಚಿಕ್ಕಪ್ಪನ ಕಡೆ ತಿರುಗಲು ಮುನಿರತ್ನಮ್ಮನಿಗೆ ಮುಖವಿರಲಿಲ್ಲ. ನೇರವಾಗಿ ಹೋಗಿ ಪೂಂಗೊಡಿಯ ಕೈಯಿಂದ ಬಟ್ಟಲನ್ನೂ ಚಮಚವನ್ನೂ ಕಿತ್ತುಕೊಂಡಳು. ಪೂಂಗೊಡಿ ಗೋಡೆಗೆ ಒರಗಿ ನಿಂತಳು. ಆಗಬೇಕಾದದ್ದು ಆಯಿತು ಎಂದುಕೊಂಡಳು, ಆದರೂ ಅಳು ಬಂತು.

ಮುನಿರತ್ನಮ್ಮ ತುಂಬು ಚಮಚ ಅನ್ನ ಎತ್ತಿ ಅಪ್ಪನ ಬಾಯಿಯ ಹತ್ತಿರ ಹಿಡಿದಳು. ಮಾದಯ್ಯ ತುಟಿ ಬಿಗಿದರು. ಚಮಚದಲ್ಲಿದ್ದುದನ್ನು ಅರ್ಧ ಮಾಡಿ ಹಿಡಿದಳು. ತುಟಿ ಬಿಚ್ಚಲಿಲ್ಲ. ಉಣ್ಣಪ್ಪ ಎಂದು ಬೇಡಿದಳು, ಗದರಿದಳು. ಅವರು ತಲೆ ತಿರುಗಿಸಿ ಸೊಸೆ ನಿಂತಿದ್ದ ಗೋಡೆಯತ್ತ ನೋಡುತ್ತ ಕೂತರು. ಹಸಿದಿದ್ದರು, ಬಟ್ಟಲಿನ ತುಪ್ಪದ ವಾಸನೆಗೆ ಬಾಯಲ್ಲಿ ನೀರೂರಿ ತುಟಿಯಂಚಿನಲ್ಲಿ ಇಳಿಯುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಮಗಳು ಸೆರಗಿನಿಂದ ಅದನ್ನು ಒರೆಸಿದಳು. ಚಮಚ ಹಿಡಿದ ಕೈ ನೋಯುವಷ್ಟು ಹೊತ್ತು ಹಾಗೇ ಕಾದಳು. ಕೊನೆಗೆ ಬಟ್ಟಲನ್ನು ಪೂಂಗೊಡಿಯ ಕೈಗೇ ಕೊಟ್ಟಳು, ಕೊಟ್ಟವಳು ಆ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು.

"ನಡುಗ್ತೈತಲ್ಲ ಕೈ," ಎಂದಳು. "ಮೊದ್ಲು ಅದ್ನ ನಿಲ್ಲಿಸ್ಕೋ. ಆಮ್ಯಾಕೆ ಉಣ್ಸು."

ಪೂಂಗೊಡಿ ಕಣ್ಣೊರೆಸಿಕೊಂಡು ಮಾವನ ಎದುರು ಕೂತಳು. ಮಾದಯ್ಯ ತಾವಾಗಿಯೇ ಗದ್ದ ಬಗ್ಗಿಸಿ ಬಾಯಿ ತೆರೆದರು. ಮುನಿರತ್ನಮ್ಮ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅಪ್ಪನ ಗಂಟಲನ್ನೇ ನೋಡುತ್ತ, ಒಂದು, ಎರಡು ಎಂದು ಮೆಲ್ಲಗೆ ಎಣಿಸತೊಡಗಿದಳು.