ನೆಲಮಾಳಿಗೆಯ ಉಸಿರು

ನಿಘಂಟು ಕಚೇರಿಯಲ್ಲಿ ಪದಗಳ ಮೂಲ ಹುಡುಕುವುದು ಅವಳ ಕೆಲಸ. ಆ ವಾರ ಅವಳ ಪಾಲಿಗೆ ಬಂದದ್ದು ‘ಪ್ಯಾನಿಕ್’. ಇಂಗ್ಲಿಷಿಗೆ ಫ್ರೆಂಚಿನಿಂದ, ಅದಕ್ಕೂ ಹಿಂದೆ ಗ್ರೀಕಿನಿಂದ ಎಂಬಲ್ಲಿಯವರೆಗೆ ಎಳೆ ಸಲೀಸಾಗಿ ಸಿಕ್ಕಿತು. ಗ್ರೀಕರ ಪಾನ್ ಎಂಬ ದೇವರು ನಿರ್ಜನ ಗುಡ್ಡಗಾಡುಗಳಲ್ಲಿ ಕಣ್ಣಿಗೆ ಬೀಳದೆ ಜನರನ್ನೂ ಮಂದೆಯನ್ನೂ ಬೆದರಿಸುತ್ತಿದ್ದನಂತೆ. ಕಾರಣ ಕಾಣದ ಭಯಕ್ಕೆ ಅವನ ಹೆಸರೇ ಉಳಿದುಕೊಂಡಿತು. ಆದರೆ ಮೂಲ ಗ್ರಂಥವನ್ನು ಕಣ್ಣಾರೆ ನೋಡದೆ ಒಂದಕ್ಷರವೂ ಬರೆಯಕೂಡದೆಂದು ಸಂಪಾದಕರ ಕಟ್ಟಪ್ಪಣೆ. ಹಳೆಯ ಗ್ರೀಕ್ ನಿಘಂಟು ಇದ್ದದ್ದು ನೆಲಮಾಳಿಗೆಯಲ್ಲಿ. ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವಳೊಬ್ಬಳೇ ಇಳಿದಳು.

ಹಾಳೆ ತಿರುವುತ್ತಿದ್ದಂತೆ ಕಪಾಟುಗಳ ಆಚೆ ಯಾರೋ ಉಸಿರಾಡಿದ ಸದ್ದು. ತಡೆತಡೆದು ಬಂದು ಕೊನೆಗೆ ಸೀಟಿಯಂತೆ ಎಳೆಯುತ್ತಿತ್ತು. ಯಾರದು ಎಂದಳು. ಉಸಿರು ನಿಂತಿತು. ಮತ್ತೆ ಶುರುವಾದಾಗ ಜೊತೆಗೆ ನೆಲ ಕೆರೆಯುವ ಸದ್ದೂ ಕೇಳಿತು. ಪುಸ್ತಕ ಅಲ್ಲೇ ಬಿಟ್ಟು, ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲು ಹತ್ತಿ ಓಡಿದಳು.

ನೆಲಮಾಳಿಗೆಯ ಬಾಗಿಲ ಬಳಿ ಒಂದು ಜೊತೆ ಚಪ್ಪಲಿ ಕಂಡಿತು. ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕನದು. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುವುದರಿಂದ ಎಲ್ಲರ ಬಾಯಲ್ಲೂ ಅವನು ಅಂಟಜ್ಜ. ಕೆಳಗಿರುವುದು ಅವನೇ? ಅಥವಾ ಅವನಿಗೆ ಏನಾದರೂ ಮಾಡಿದವರೆ? ಕೂಗಿದಳು; ಯಾರೂ ಓಗೊಡಲಿಲ್ಲ. ಜನ ಬರಲಿ ಎಂದುಕೊಂಡಳು. ಆದರೆ ಆ ಸೀಟಿ ಕ್ಷೀಣಿಸುತ್ತಿತ್ತು. ಫೋನಿನ ಬೆಳಕು ಹಿಡಿದು, ಗೋಡೆಗೆ ಒತ್ತಿಕೊಂಡೇ ಮತ್ತೆ ಇಳಿದಳು.

ಕೊನೆಯ ಸಾಲಿನ ಕಬ್ಬಿಣದ ಕಪಾಟು ವಾಲಿ ಅಂಟಜ್ಜನ ಎದೆಯನ್ನು ಗೋಡೆಗೆ ಅದುಮಿತ್ತು. ತುಟಿ ಕಪ್ಪಿಟ್ಟಿತ್ತು. ಪುಸ್ತಕಗಳನ್ನು ಸಿಕ್ಕಸಿಕ್ಕಲ್ಲಿ ಎಸೆದು ಕಪಾಟು ಹಗುರಮಾಡಿ, ಹೆಗಲು ಕೊಟ್ಟು ನೂಕಿದಳು. ಅಜ್ಜ ಜಾರಿ ನೆಲಕ್ಕೆ ಬಿದ್ದು ಜೋರಾಗಿ ಉಸಿರೆಳೆದುಕೊಂಡ. ಆಂಬುಲೆನ್ಸ್ ಬರುವವರೆಗೂ ಅವನು ಅವಳ ಕೈ ಬಿಡಲಿಲ್ಲ.

ಪಕ್ಕೆಲುಬು ಮುರಿದಿತ್ತು, ಜೀವಕ್ಕೇನೂ ಅಪಾಯವಿರಲಿಲ್ಲ. ಮರುದಿನ ಅವಳು ಆಸ್ಪತ್ರೆಗೆ ಹೋದಾಗ ಅಜ್ಜ ಮೆಲ್ಲಗೆ ಕೇಳಿದ: “ಯಾರೋ ಬಂದು ಓಡಿಹೋದ್ರಲ್ಲ, ಯಾರಮ್ಮ ಅದು?”

ಸುಳ್ಳು ನಾಲಿಗೆ ತುದಿಗೇ ಬಂದಿತ್ತು.

“ನಾನೇ ಅಜ್ಜ. ಹೆದರಿಬಿಟ್ಟೆ.”

“ಕಪಾಟು ಬಿದ್ದಾಗ ನಂಗೆ ಅಷ್ಟು ಭಯ ಆಗ್ಲಿಲ್ಲ ತಾಯಿ. ಆ ಕಾಲಿನ ಸದ್ದು ದೂರ ಹೋಯ್ತಲ್ಲ, ಆಗ ಆಯ್ತು.”

ಅವಳು ತಲೆ ತಗ್ಗಿಸಿದಳು. ಅಜ್ಜ, ಮಲಗಿಕೊಂಡೇ ಕುಡಿಯಲು ಬರುವುದಿಲ್ಲ, ನೀರಿನ ಲೋಟ ಸ್ವಲ್ಪ ಎತ್ತಿ ಹಿಡಿ ಎಂದ. ಅವಳು ತಲೆ ಎತ್ತದೆಯೇ ಹಿಡಿದಳು. ಅರ್ಧ ನೀರು ಅವನ ಗಡ್ಡದ ಮೇಲೆ ಚೆಲ್ಲಿತು.