ಚಿಕ್ಕಬೀರಪ್ಪನ ಸಹಿ

ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದ ಸೋದರಮಾವ ವೆಂಕಟರಾಯಪ್ಪನ ಕೈಗೆ ಹಗ್ಗದ ತುದಿ ಕೊಟ್ಟು ಗೋವಿಂದರಾಜು ಹಿಂದಕ್ಕೆ ಸರಿದ.

"ಹೆಗಲಿಗೆ ಮಾತ್ರ ನನ್ನ ಕರೀಬೇಡ ಮಾವ."

"ಏನ್ ಮಾತು ಅಂತ ಆಡ್ತೀಯೋ! ಒಡಹುಟ್ಟಿದ ತಮ್ಮ. ಗಂಡುಮಕ್ಕಳಿಲ್ಲದೋನು. ಮುಂದಿನ ಹೆಗಲು ನಿಂದೇ ಕಣೋ."

"ಅಪ್ಪನ ಸಹೀನೇ ಕದ್ದೋನಿಗೆ ಕೊಡಲ್ಲ. ಸಾಕ್ಷಿ ತಂದು ನಿಮ್ಮೆಲ್ಲರ ಮುಂದೆ ಇಡ್ತೀನಿ, ತಡಿ."

ಎದೆ ಹಿಡಿದುಕೊಂಡು ಕೂತ ತಮ್ಮ ಶ್ರೀಧರ್ ನಲವತ್ತು ತುಂಬುವ ಮೊದಲೇ ಹೋಗಿಬಿಟ್ಟಿದ್ದ. ಹೆಣ ಇನ್ನೂ ಅಂಗಳದಲ್ಲಿರುವಾಗ ಸಾಕ್ಷಿ ಹುಡುಕುವ ಅಣ್ಣ ಇವನು! ಆದರೆ ಮೂರು ವರ್ಷದಿಂದ ಅವನು ನುಂಗಿಕೊಂಡ ಸಿಟ್ಟು ಕಡಿಮೆಯೇನಲ್ಲ.

*

ಮೂರು ವರ್ಷದ ಹಿಂದೆ ವಿಮಾನ ನಿಲ್ದಾಣದ ರಸ್ತೆಗೆ ಸರ್ಕಾರದವರು ಅಪ್ಪನ ಜಮೀನು ಕೇಳಿದ್ದರು. ಕೊಡಕೂಡದೆಂದು ಗೋವಿಂದರಾಜು ಹಟ ಹಿಡಿದ. ಆದರೂ ಒಪ್ಪಿಗೆ ಪತ್ರ ಹೋಯಿತು. ಅದರಲ್ಲಿ ಅಪ್ಪ ಚಿಕ್ಕಬೀರಪ್ಪನ ಸಹಿ ಇತ್ತಂತೆ. ಜೀವಮಾನವಿಡೀ ಹೆಬ್ಬೆಟ್ಟು ಒತ್ತಿದ ಮುದುಕ!

"ನೀನ್ ಹಾಕಿದ್ಯೇನಪ್ಪಾ?" ಎಂದು ಗದರಿದರೆ ಅಪ್ಪ ನೆಲ ನೋಡಿಕೊಂಡು, "ನಂಗೆಲ್ಲಿ ಬರ್ತದೆ ಮಗ," ಎಂದ.

ಗೋವಿಂದರಾಜು ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರ ತಮ್ಮನ ಮನೆಗೆ ನುಗ್ಗಿದ. ಶ್ರೀಧರ್ ಶಾಲೆಗಳಿಗೆ ಪಾಠದ ಸೀಡಿ ಮಾಡುತ್ತಿದ್ದ. ಮಕ್ಕಳು ಮೌಸ್ ಹಿಡಿದು ಚಿತ್ರ ಬರೆಯುವ ಪಾಠಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಕೈ ಬೇಗ ಓಡಿದರೆ ಕಂಪ್ಯೂಟರ್ ಅಲ್ಲೊಂದು ಇಲ್ಲೊಂದು ಚುಕ್ಕಿಯನ್ನಷ್ಟೇ ಹಿಡಿದು ಗೆರೆಯನ್ನು ಅಂಕುಡೊಂಕಾಗಿ ಮುರಿಯುತ್ತದೆ. ಚುಕ್ಕಿಗಳ ನಡುವೆ ಬಾಗು ಕೊಟ್ಟು ಅದನ್ನು ನುಣುಪು ಮಾಡಬೇಕು. ಆವತ್ತು ಆ ಪರದೆಯ ಮೇಲೆ ಅಪ್ಪನ ಹೆಸರಿತ್ತು, ಮುತ್ತಿನಂಥ ಅಕ್ಷರದಲ್ಲಿ.

"ಯಾರ್ ಬರ್ದಿದ್ದು ಲೇ ಇದು?"

ಶ್ರೀಧರ್ ಕೈ ಚಾಚಿ ಪರದೆ ಆರಿಸಿಬಿಟ್ಟ. ಅಷ್ಟೇ ಸಾಕಾಯಿತು. ಅಪ್ಪ ತೀರಿಹೋದ ಮೇಲೂ ಅಣ್ಣತಮ್ಮಂದಿರು ಮಾತಾಡಲಿಲ್ಲ.

*

ಒಳಕೋಣೆಯಲ್ಲಿ ಶ್ರೀಧರನ ಮಗಳು ಹರ್ಷಿತ ಅಪ್ಪನ ಕಂಪ್ಯೂಟರ್ ಮುಂದೆ ಒಬ್ಬಳೇ ಕೂತಿದ್ದಳು. ಹನ್ನೆರಡರ ಹುಡುಗಿ.

"ನಿಮ್ಮಪ್ಪ ತಾತನ ಹೆಸ್ರು ಬರ್ದಿದ್ನಲ್ಲ, ಅದ್ನ ತೆಗಿ."

ಅವಳು ಅದನ್ನು ಪರದೆಗೆ ತಂದಳು. "ಅಪ್ಪ ಅಲ್ಲ ದೊಡ್ಡಪ್ಪ. ತಾತಾನೇ ಬರ್ದಿದ್ದು."

"ನಿಂಗೂ ಸುಳ್ಳು ಹೇಳ್ಕೊಟ್ಟವ್ನಾ? ಇಂಥಾ ಅಕ್ಷರ ಆ ಮುದುಕನ ಕೈಲಿ ಬರ್ತದಾ?"

ಹರ್ಷಿತ 'ನುಣುಪು' ಎಂಬ ಗುಂಡಿಯನ್ನು ಒತ್ತಿ ಆ ನುಣುಪನ್ನು ತೆಗೆದಳು. ಮುತ್ತಿನಂಥ ಅಕ್ಷರ ಅಳಿಸಿಹೋಗಿ, ಅಂದು ಎಳೆದ ಹಾಗೆಯೇ ಗೆರೆ ಮತ್ತೆ ಮೂಡತೊಡಗಿತು. ನಡುಗಿತು, ಅಡ್ಡ ಜಾರಿತು, ನಿಂತು ಸುಧಾರಿಸಿಕೊಂಡು ಮತ್ತೆ ಹೊರಟಿತು. ಕಾಫಿ ಲೋಟ ಎತ್ತುವಾಗ ಅಪ್ಪನ ಕೈ ಹೀಗೇ ನಡುಗುತ್ತಿತ್ತು. ಗೋವಿಂದರಾಜುವಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಆಫೀಸಲ್ಲಿ ಎಲ್ಲರ ಮುಂದೆ ಹೆಬ್ಬೆಟ್ಟು ಒತ್ತಕ್ಕೆ ತಾತಂಗೆ ನಾಚ್ಕೆ. ದಿನಾ ಬಂದು ಕಲ್ತ್ಕೊಂಡ್ರು. ಆ ಪತ್ರಕ್ಕೂ ತಾವೇ ಹೋಗಿ ಸಹಿ ಹಾಕಿದ್ರು. ಬೇಜಾರ್ ಮಾಡ್ಕೋಬಾರ್ದು ಅಂತ ಅಪ್ಪ ನುಣುಪು ಹಾಕಿ ತೋರ್ಸೋರು."

"ನಂಗ್ಯಾಕೆ ಹೇಳ್ಲಿಲ್ಲವ್ವ?"

"ತಾತ ಆಣೆ ಹಾಕಿಸ್ಕೊಂಡಿದ್ರು. ನಿಮ್ಮನ್ ಕಂಡ್ರೆ ಭಯ ಅವ್ರಿಗೆ."

ಅಯ್ಯೋ, ಎಂಥಾ ಪಾಪಿ ನಾನು ಎಂದು ಗೋವಿಂದರಾಜು ಹಣೆ ಚಚ್ಚಿಕೊಂಡ. ಹೊರಗೆ ತಮಟೆ ಶುರುವಾಯಿತು. ಅವನು ಎದ್ದುಬಿದ್ದು ಓಡಿದ.

ಚಟ್ಟ ಆಗಲೇ ಎದ್ದು ಬೀದಿಗಿಳಿದಿತ್ತು. "ಬಿಡು ಮಾವ, ನಂಗ್ ಬಿಡು," ಎನ್ನುತ್ತ ಮುಂದಿನ ಬಿದಿರಿನ ಕೆಳಗೆ ನುಗ್ಗಿದ. ಅಲ್ಲಿ ಹೆಗಲು ಕೊಟ್ಟಿದ್ದ ವೆಂಕಟರಾಯಪ್ಪ ಜಾಗ ಬಿಟ್ಟ. ಉಳಿದ ಮೂವರು ಎತ್ತರದ ಆಳುಗಳು. ಬಿದಿರು ಇವನ ಹೆಗಲಿಗೆ ತಾಗಲೇ ಇಲ್ಲ. ಯಾರೂ ಬಗ್ಗಲಿಲ್ಲ. ಗೋವಿಂದರಾಜು ಎರಡೂ ಕೈ ಮೇಲೆತ್ತಿ ಬಿದಿರು ಹಿಡಿದ. ತಮ್ಮನನ್ನು ಹೂಳುವ ಗುಂಡಿಯವರೆಗೂ ಹಾಗೇ ಕೈ ಎತ್ತಿಕೊಂಡೇ ನಡೆದ.